ಬ್ರೇಕ್ ತುಳಿಯದೆ ಉರಿದ ಕೆಂಪು ದೀಪ

ಅಕ್ಕಂದಿರೇ, ಇವತ್ತು ಕೊಹೀರಿಗೆ ಹೊರಟು ನೋಡಿದರೆ, ಕಾರಿನೊಳಗೆ ಯಾರೂ ಇಲ್ಲದೆಯೇ ಹಿಂದಿನ ಬ್ರೇಕ್ ದೀಪ ಉರಿಯುತ್ತಿತ್ತು. ನಿನ್ನೆ ತಾಂಡೂರಿಗೆ ಕಾರು ಒಯ್ದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಕೊಂಡ ದಿನದಿಂದ ಅವಳ ಕಣ್ಣು ಅದರ ಮೇಲಿದೆ. ಬ್ರೇಕ್ ಪೆಡಲಿನ ಕೆಳಗೆ ನೀಲಿ ಚೂರುಗಳು ಬೇರೆ ಬಿದ್ದಿದ್ದವು. ಮಾಟವೇ ಇರಬೇಕೆಂದು ವಿಭೂತಿ ಎರಚಿ, ಬೇವಿನೆಲೆಯಲ್ಲಿ ಎತ್ತಿ, ಮೂರು ದಾರಿ ಕೂಡುವಲ್ಲಿ ಒಗೆದು ಬಂದೆ. ಅವಳಿಗೆ ಫೋನೂ ಮಾಡಿದೆ.

"ಸೋಮವಾರ ನಮ್ಮನಿ ಪೂಜಿಗಿ ನೀ ಬರೂದು ಬ್ಯಾಡ."

"ಅಕ್ಕಾ, ನಾ ಏನ್ ಮಾಡೀನ್ರಿ?" ಎಂದು ಅತ್ತಳು.

ನಮ್ಮ ಯಜಮಾನರು ಸ್ಟೇರಿಂಗ್ ಕೆಳಗೆ ತಲೆ ಹಾಕಿ ನೋಡಿದರು. "ಬ್ರೇಕಿಗೂ ಲೈಟಿನ ಸ್ವಿಚ್ಚಿಗೂ ನಡುವ ಒಂದು ತೂತಿನ್ಯಾಗ ಗುಂಡಿಯಂಥ ನೀಲಿ ಪ್ಲಾಸ್ಟಿಕ್ ಬಿಲ್ಲಿ ಇರ್ತದ. ಹಳೀದಾಗಿ ಪುಡಿ ಆಗ್ಯಾದ. ಅದು ಸ್ವಿಚ್ ಒತ್ತಿ ಹಿಡದ್ರ ಲೈಟ್ ಆರ್ತದ; ಈಗ ಒತ್ತಾಕ ಏನೂ ಇಲ್ಲ, ಅದಕ್ಕ ಲೈಟ್ ಆರವಲ್ದು. ಚೂರು ಇಲ್ಲೇ ಬಿದ್ದಿರಬೇಕಲ್ಲ?"

"ಒಗದೀನಿ," ಎಂದೆ.

ಅವರು ಹಳೆ ಚಪ್ಪಲಿಯ ರಬ್ಬರ್ ಕೊಯ್ದು ಆ ತೂತಿಗೆ ತುರುಕಿದರು. ದೀಪ ಆರಿತು. "ಈಗ ಫೋನ್ ಹಚ್ಚು," ಎಂದರು.

ಹಚ್ಚಿದೆ. "ಸೋಮವಾರ ಲಗೂ ಬಾ, ಹೋಳಿಗಿ ಮಾಡಾಕ ಕೈ ಬೇಕು." ಬರುತ್ತಾಳಂತೆ.

ಆದರೂ ಒಂದು ಮಾತು. ದೃಷ್ಟಿ ತಾಗದಿರಲೆಂದು ನಾವು ಗಾಡಿಗೆ ಕಟ್ಟುವುದೂ ಹಳೆ ಚಪ್ಪಲಿಯನ್ನೇ ಅಲ್ಲವೇ?