ಸಹಮಿನ ಬಯಲು ಮತ್ತು ನನ್ನ ಹಿಡಿಸೂಡಿ

ರಜೆ ಮುಗಿಸಿ ಊರಿನಿಂದ ಒಮಾನಿಗೆ ಮರಳುವವರು ಕುಚ್ಚಲಕ್ಕಿ ತರುತ್ತಾರೆ, ಹಲಸಿನ ಹಪ್ಪಳ ತರುತ್ತಾರೆ, ಉಪ್ಪಿನಕಾಯಿಯ ಭರಣಿಗೆ ನಾಲ್ಕು ಸುತ್ತು ಟೇಪು ಹಚ್ಚಿಕೊಂಡು ದೇವರ ಮೇಲೆ ಭಾರ ಹಾಕಿ ತರುತ್ತಾರೆ. ನಾನು ಹಿಡಿಸೂಡಿ ತರುತ್ತೇನೆ. ತೆಂಗಿನ ಗರಿಯ ಕಡ್ಡಿಗಳನ್ನು ಚೆನ್ನಾಗಿ ಹೆರೆದು, ಬುಡಕ್ಕೆ ಬಿಗಿಯಾಗಿ ಹಗ್ಗ ಸುತ್ತಿದ, ನಮ್ಮ ಕರಾವಳಿಯ ಅಸಲಿ ಹಿಡಿಸೂಡಿ. ಒಮ್ಮೆ ಮಸ್ಕತ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಅದನ್ನು ಪೆಟ್ಟಿಗೆಯಿಂದ ಎತ್ತಿ ಹಿಡಿದು, ಇದೇನು ಎಂದು ಹುಬ್ಬಿನಲ್ಲೇ ಕೇಳಿದರು. ಅರಬಿ ಬಾರದ ನಾನು ಸೊಂಟ ಬಗ್ಗಿಸಿ ಅಲ್ಲಿಯ ನೆಲವನ್ನೇ ಎರಡು ಸಲ ಗುಡಿಸಿ ತೋರಿಸಿದೆ. ಅವರು ನಗುತ್ತಾ "ಯಲ್ಲಾ, ಯಲ್ಲಾ" ಎಂದು ಕೈಬೀಸಿ ಕಳುಹಿಸಿದರು. ನಮ್ಮವರು, ಅಂದರೆ ನನ್ನ ಗಂಡ, ಮಾತ್ರ ಯಾರೋ ಅಪರಿಚಿತರಂತೆ ಬಹಳ ಮುಂದೆ ನಡೆದುಹೋಗಿದ್ದರು.

ಒಮಾನಿನ ಸಹಮ್ ಎಂಬ ಪಟ್ಟಣದಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟು. ನೆಲಕ್ಕೆ ಟೈಲ್ಸು. ಅಲ್ಲಿ ಹಿಡಿಸೂಡಿಗೆ ಏನೂ ಕೆಲಸವಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಅಂಗಳ ಗುಡಿಸುವ ಸದ್ದು ಕೇಳಿ ಬೆಳೆದ ಕಿವಿಗೆ, ಆ ಸದ್ದಿಲ್ಲದ ದಿನ ದಿನವೆಂದೇ ಅನಿಸುವುದಿಲ್ಲ. ನಮ್ಮ ಕಡೆ ಹೊಸ ಸೊಸೆಯ ಯೋಗ್ಯತೆಯನ್ನು ಅಳೆಯುತ್ತಿದ್ದದ್ದೇ ಅಂಗಳದ ಮೇಲೆ ಹಿಡಿಸೂಡಿ ಬಿಡಿಸಿದ ಗೆರೆಗಳಿಂದ. ಗೆರೆ ಒಂದೇ ಸಮನಾಗಿದ್ದರೆ ಹುಡುಗಿ ಒಳ್ಳೆಯವಳು. ನಾನು ಆ ಪರೀಕ್ಷೆಯಲ್ಲಿ ಬಹಳ ಚೆನ್ನಾಗಿ ಪಾಸಾದವಳು, ಅಂಗಳವೇ ಇಲ್ಲದ ಮನೆಗೆ ಬಂದು ಬಿದ್ದೆ.

ಅಂಗಳ ಸಿಕ್ಕಿದ್ದು ಕಟ್ಟಡದ ಹಿಂದೆ. ನಮ್ಮ ಹಿಂದಿನ ಗೋಡೆಗೂ ಖರ್ಜೂರದ ತೋಟಗಳಿಗೂ ನಡುವೆ ಒಂದು ಬಯಲಿದೆ. ಪಾರ್ಕ್ ಅಲ್ಲ, ಹೊಲವೂ ಅಲ್ಲ. ಮರಳು, ಗರಸು, ಅಲ್ಲಲ್ಲಿ ಮುಳ್ಳಿನ ಪೊದೆ, ಚದುರಿ ನಿಂತ ಘಾಫ್ ಮರಗಳು. ಮಸೀದಿಗೆ ಹೋಗುವವರಿಗೆ ಅದು ಅಡ್ಡದಾರಿ, ಮಕ್ಕಳಿಗೆ ಕ್ರಿಕೆಟ್ ಮೈದಾನ, ತೋಟದಂಚಿನ ಮನೆಯ ಉಮ್ಮ್ ಸಾಲಿಮ್ ಎಂಬ ಅಜ್ಜಿಗೆ ಆಡು ಮೇಯಿಸುವ ಜಾಗ, ನಮಗೆ ಶುಕ್ರವಾರ ಸಂಜೆ ಚಾಪೆ ಹಾಸಿ ಊರಿನ ಸುದ್ದಿ ಹಂಚಿಕೊಳ್ಳುವ ಚಾವಡಿ. ಯಾರದ್ದು ಎಂದು ಕೇಳಿದರೆ ಎಲ್ಲರೂ ಎಲ್ಲರ ಕಡೆಗೂ ಕೈ ತೋರಿಸುತ್ತಿದ್ದರು. ಎಲ್ಲರದ್ದೂ ಆದ ಜಾಗದಲ್ಲಿ ಏನಾಗುತ್ತದೆಂದು ನಿಮಗೂ ಗೊತ್ತು: ಕರಕ್ ಚಹಾದ ಕಾಗದದ ಲೋಟ, ನೀರಿನ ಬಾಟಲಿ, ಚಿಪ್ಸಿನ ಪ್ಯಾಕೆಟ್ಟು.

ಅದನ್ನು ನೋಡಿ ನೋಡಿ ಸಾಕಾಗಿ, ಒಂದು ಶುಕ್ರವಾರ ಬೆಳಕು ಹರಿಯುವಾಗ ನಾನು ಹಿಡಿಸೂಡಿ ಹಿಡಿದು ಇಳಿದೆ. ಮುಂದಿನ ವಾರ ನಮ್ಮವರೂ ಗೊಣಗುತ್ತಾ ಬಂದರು. ಆಮೇಲೆ ಕೆಳಗಿನ ದಿನಸಿ ಅಂಗಡಿಯ ಮೊಯ್ದಿನಾಕ ಬಂದರು. ಬಂಟ್ವಾಳದ ಕಡೆಯ ಬ್ಯಾರಿ, ಸಹಮಿಗೆ ಬಂದು ಗಡ್ಡ ಬಿಳಿಯಾದವರು, ಅರಬಿಯನ್ನು ನಾವು ತುಳು ಮಾತಾಡಿದಷ್ಟು ಸಲೀಸಾಗಿ ಮಾತಾಡುವವರು. ಅವರು ಬಂದ ಮೇಲೆ ಕಟ್ಟಡದ ಅರ್ಧ ಜನ ಬಂದರು, ಯಾಕೆಂದರೆ ಕಪ್ಪು ಚೀಲಗಳು ಅವರ ಅಂಗಡಿಯಿಂದ ಧರ್ಮಕ್ಕೆ ಬರುತ್ತಿದ್ದವು.

ಕಸ ಹೆಕ್ಕುವುದು ಬಹಳ ಬೇಗ ಮುಗಿಯುತ್ತದೆ. ಬಾಟಲಿಗಳೆಲ್ಲ ಚೀಲ ಸೇರಿದ ಮೇಲೂ ನಮ್ಮ ಉತ್ಸಾಹ ಮುಗಿಯಲಿಲ್ಲ. ಕರಾವಳಿಯವರ ಕಣ್ಣಿಗೆ ಗುಡಿಸದ ನೆಲ ಎಂದರೆ ತಲೆ ಬಾಚದ ಮಗು. ಘಾಫ್ ಮರದ ಬುಡದಲ್ಲಿ ಉದುರಿದ ಎಲೆ, ಒಣಗಿದ ಕಾಯಿ, ಕಡ್ಡಿ ಎಲ್ಲವನ್ನೂ ಗುಡಿಸಿದೆವು. ಮುಳ್ಳಿನ ಪೊದೆಗಳನ್ನು "ಕಾಡು ಬೆಳೆದು ಬಿಟ್ಟಿದೆ ಮಾರಾಯ್ರೆ" ಎಂದು ಕಿತ್ತೆವು. ಕೆಲವು ತಿಂಗಳಲ್ಲಿ ಮರಗಳ ಕೆಳಗಿನ ನೆಲ ಎಷ್ಟು ನುಣುಪಾಯಿತೆಂದರೆ, ನನ್ನ ಹಿಡಿಸೂಡಿಯ ಗೆರೆಗಳು ಮೂರನೇ ಮಹಡಿಯ ಕಿಟಕಿಯಿಂದ ಕಾಣುತ್ತಿದ್ದವು. ನಾನು ದಿನಕ್ಕೆರಡು ಬಾರಿ ಆ ಕಿಟಕಿಯ ಬಳಿ ನಿಂತು ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ನಮ್ಮನ್ನು ಇನ್ನೊಬ್ಬರೂ ಮೆಚ್ಚಿದ್ದರು. ಪ್ರತಿ ಶುಕ್ರವಾರ ನಾವು ಗುಡಿಸಿ ಮುಗಿಸುವಾಗ ಉಮ್ಮ್ ಸಾಲಿಮ್ ಒಂದು ಕೈಯಲ್ಲಿ ಕಾಹ್ವಾದ ಹೂಜಿ, ಇನ್ನೊಂದರಲ್ಲಿ ಖರ್ಜೂರದ ತಟ್ಟೆ ಹಿಡಿದು ನಿಧಾನವಾಗಿ ಬರುತ್ತಿದ್ದರು. ಏಲಕ್ಕಿ ಹಾಕಿದ ಆ ಅರಬಿ ಕಾಫಿಯನ್ನು ಪುಟ್ಟ ಬಟ್ಟಲಿಗೆ ತಾವೇ ಬಗ್ಗಿಸಿ, ಮೊದಲು ನನಗೆ, ಆಮೇಲೆ ಉಳಿದವರಿಗೆ ಕೊಡುತ್ತಿದ್ದರು. ನಾವು ಬೇಡವೆಂದರೂ ಕೇಳುತ್ತಿರಲಿಲ್ಲ. ಅವರ ಅರಬಿ, ನನ್ನ ಮುರುಕು ಹಿಂದಿ, ನಡುವೆ ಮೊಯ್ದಿನಾಕನ ಭಾಷಾಂತರ. ಅವರ ಆಡುಗಳು ಹಿಂದೆ ಬಂದು ಮರದ ಬುಡದಲ್ಲಿ ಮೂಸಿ ನೋಡಿ, ತಲೆಯೆತ್ತಿ ನಮ್ಮನ್ನು ದಿಟ್ಟಿಸುತ್ತಿದ್ದವು. ಪಾಪ, ಅವಕ್ಕೂ ನಮ್ಮ ಕೆಲಸ ಹಿಡಿಸಿದೆ ಎಂದುಕೊಂಡಿದ್ದೆ.

ಬಿಸಿಲು ಏರತೊಡಗಿದ ಒಂದು ವಾರ ಅಜ್ಜಿಯ ಮುಖ ಬಾಡಿತ್ತು. ಆಡುಗಳನ್ನೆಲ್ಲ ಬೆಟ್ಟದ ಕಡೆ ಇರುವ ಮಗನ ಮನೆಗೆ ಕಳುಹಿಸಿಬಿಡುತ್ತೇನೆ ಎಂದರು. ಮುಂದಿನ ವಾರ ಅವನು ಪಿಕಪ್ಪು ತರುತ್ತಾನಂತೆ. ಯಾಕೆ ಎಂದು ಕೇಳಿದ್ದಕ್ಕೆ, ಈ ವರ್ಷ ನೆಲದಲ್ಲಿ ಮೇವಿಲ್ಲ, ದೇವರ ಇಚ್ಛೆ ಎಂದರು. ಅವರ ಗಂಡ ತೀರಿಕೊಂಡ ಮೇಲೆ ಸಂಜೆ ಹೊತ್ತು ಅವರೊಡನೆ ಮಾತಿಗಿದ್ದದ್ದು ಆ ಆಡುಗಳೇ ಎಂದು ನಮಗೆಲ್ಲ ಗೊತ್ತಿತ್ತು. ಒಂದೊಂದಕ್ಕೂ ಹೆಸರಿಟ್ಟು, ಒಂದೊಂದನ್ನೂ ಬೇರೆ ಬೇರೆ ಸ್ವರದಲ್ಲಿ ಕರೆಯುತ್ತಿದ್ದರು. ಮೊಯ್ದಿನಾಕ ಮಳೆಗಾಗಿ ದುವಾ ಮಾಡುತ್ತೇನೆಂದರು. ನಾನು ನನ್ನ ಕೈಲಾದದ್ದು ಮಾಡುತ್ತೇನೆಂದು ನಿರ್ಧರಿಸಿ, ಮುಂದಿನ ಶುಕ್ರವಾರ ಅಜ್ಜಿಯ ಮನೆಯ ಬಾಗಿಲವರೆಗೂ ಗುಡಿಸಿಬಿಟ್ಟೆ. ಮನಸ್ಸಿಗೆ ಬೇಜಾರಾದವರ ಮನೆಯ ಮುಂದೆ ನೆಲವಾದರೂ ಚೊಕ್ಕಟವಾಗಿರಲಿ ಎಂದು.

ಅವತ್ತು ಚೀಲಗಳನ್ನು ಕಸದ ಡಬ್ಬಿಯ ಪಕ್ಕ ಸಾಲಾಗಿ ಇಟ್ಟು ತಿರುಗುವಷ್ಟರಲ್ಲಿ ಹಿಂದೆ ಪರಪರ ಸದ್ದು. ಕಪ್ಪು ಆಡೊಂದು ಚೀಲವನ್ನು ಹರಿದು ಒಳಗೆ ಮೂತಿ ತೂರಿಸಿತ್ತು. ಉಳಿದವೂ ಓಡಿ ಬಂದವು. ನಾನು "ಛೀ, ಕಸ ತಿನ್ನಬೇಡ" ಎಂದು ಓಡಿಸಲು ಹೋದೆ. ಹತ್ತಿರ ಹೋಗಿ ನೋಡಿದರೆ ಅವು ತಿನ್ನುತ್ತಿದ್ದದ್ದು ಘಾಫ್ ಮರದ ಒಣ ಎಲೆ, ಒಣ ಕಾಯಿ. ನಾನು ಗುಡಿಸಿ, ತುಂಬಿಸಿ, ಬಾಯಿ ಕಟ್ಟಿ ವಾರವಾರವೂ ಲಾರಿಗೆ ಕಳುಹಿಸುತ್ತಿದ್ದದ್ದು ಅವುಗಳ ಊಟ. ಬಿಸಿಲುಗಾಲಕ್ಕೆಂದು ಮರ ಉದುರಿಸಿಟ್ಟ ಊಟ.

ನನಗೆ ಆಗ ನೆನಪಾದದ್ದು ನನ್ನ ಅಮ್ಮ. ನಮ್ಮ ಮನೆಯ ಮೇಲ್ಗಡೆ ಒಂದು ಪದವು ಇತ್ತು. ಪದವು ಎಂದರೆ ಕೆಂಪು ಮುರಕಲ್ಲಿನ ಮೇಲೆ ಕುರುಚಲು ಪೊದೆ, ಮಳೆಗಾಲದಲ್ಲಿ ಗೇಣುದ್ದ ಹುಲ್ಲು ಬೆಳೆಯುವ, ಊರವರೆಲ್ಲರ ಹಸುಗಳಿಗೂ ಸೇರಿದ ಬಯಲುಗುಡ್ಡೆ. ಬೇಸಿಗೆಯಲ್ಲಿ ಅಮ್ಮ ಅಲ್ಲಿ ಮರಗಳ ಕೆಳಗೆ ತರಗೆಲೆ ಗುಡಿಸಿ, ಬುಟ್ಟಿಯಲ್ಲಿ ಅದುಮಿ ಹೊತ್ತು ತಂದು ದನದ ಹಟ್ಟಿಗೆ ಹಾಕುತ್ತಿದ್ದಳು. ಹಸುವಿನ ಕಾಲಡಿ ಬಿದ್ದ ಎಲೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಪದವಿಗೆ ಕಮಿಟಿ ಇರಲಿಲ್ಲ, ಬೋರ್ಡು ಇರಲಿಲ್ಲ, ಆದರೂ ಮರದ ಹಸಿ ಗೆಲ್ಲು ಕಡಿದವಳನ್ನು ಊರು ಬಾವಿಕಟ್ಟೆಯಲ್ಲಿ ಬೈಯುತ್ತಿತ್ತು. ಅಮ್ಮ ಗುಡಿಸಿದ್ದು ಹಸುವಿಗಾಗಿ. ನಾನು ಹಿಡಿಸೂಡಿಯನ್ನು ಸಮುದ್ರ ದಾಟಿಸಿ ತಂದೆ, ಹಸುವನ್ನು ಮರೆತು ಬಂದೆ.

ಇನ್ನೂ ಒಂದು ಹೇಳಬೇಕು. ಈ ಘಾಫ್ ಮರ ಬೇರಾವುದೂ ಅಲ್ಲ, ನಮ್ಮ ಬನ್ನಿ. ಗಿಡಮರ ಬಲ್ಲವರೂ ಹಾಗೆಯೇ ಹೇಳುತ್ತಾರೆ. ಪಕ್ಕದ ಸೊಹಾರ್ ಪಟ್ಟಣದಲ್ಲಿರುವ ನನ್ನ ಹುಬ್ಬಳ್ಳಿಯ ಗೆಳತಿ ವಿಜಯದಶಮಿಯ ದಿನ ಇದರದ್ದೇ ಎಲೆಯನ್ನು ನನ್ನ ಕೈಗಿಟ್ಟು, ಬಂಗಾರ ತಗೊಳ್ರಿ ಎಂದು ನಮಸ್ಕರಿಸಿದ್ದಳು. ನಾನೂ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಪರ್ಸಿನಲ್ಲಿಟ್ಟುಕೊಂಡಿದ್ದೆ. ಪರ್ಸಿನಲ್ಲಿದ್ದರೆ ಬಂಗಾರ, ನೆಲದ ಮೇಲಿದ್ದರೆ ಕಸ. ಈಗ ನೆನೆದರೆ ನನ್ನ ಲೆಕ್ಕಾಚಾರ ನನಗೇ ನಗು ತರಿಸುತ್ತದೆ, ಆದರೆ ಆ ಹೊತ್ತಿಗೆ ನಗು ಬರಲಿಲ್ಲ.

"ಮೊಯ್ದಿನಾಕ, ಚೀಲ ತನ್ನಿ! ಎಲ್ಲ ವಾಪಸ್ ಹಾಕುವ!" ಎಂದು ಕೂಗಿದೆ.

"ಎಂತ ಸುಜಾತಕ್ಕ, ಬಿಸಿಲು ತಲೆಗೆ ಏರಿತಾ?" ಎಂದರು ಅವರು. ಆಡುಗಳ ಕಡೆ ಕೈ ತೋರಿಸಿದೆ. ಅವರು ನೋಡಿದರು, ಗಡ್ಡ ಹಿಡಿದುಕೊಂಡರು, "ಯಾ ಅಲ್ಲಾ" ಎಂದರು. ಎರಡು ಚೀಲ ಹೆಗಲಿಗೇರಿಸಿದರು.

ಹಾಗೆ, ತಿಂಗಳುಗಟ್ಟಲೆ ಬಯಲು ಗುಡಿಸಿದ ಸಭ್ಯ ಜನರಾದ ನಾವು ಹಾಡಹಗಲೇ ಮರದ ಕೆಳಗೆ ಕಸದ ಚೀಲ ಸುರಿಯತೊಡಗಿದೆವು. ಪುರಸಭೆಯ ವಾಹನವೊಂದು ಆ ಗಳಿಗೆಗೇ ಬಂದು ನಿಲ್ಲಬೇಕೆ? ಒಳಗಿದ್ದವರು ಕಿಟಕಿ ಇಳಿಸಿ ಬಹಳ ಶಾಂತವಾಗಿ, ಇಲ್ಲಿ ಕಸ ಸುರಿಯಬಾರದು ಎಂಬುದು ಗೊತ್ತಿಲ್ಲವೇ ಎಂದರು. ನಮ್ಮವರು ಮತ್ತೆ ಅಪರಿಚಿತರಾಗಿ ದೂರ ಸರಿದರು. ಅಷ್ಟರಲ್ಲಿ ಉಮ್ಮ್ ಸಾಲಿಮ್ ಬಂದರು, ಹೂಜಿ ತಟ್ಟೆಗಳ ಸಮೇತ. ಸುರಿದ ಎಲೆಯನ್ನು ನೋಡಿದರು, ಮುಗಿಬಿದ್ದ ಆಡುಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ವಾಹನದ ಬಳಿ ಹೋಗಿ ಏನೋ ಹೇಳಿದರು. ಒಳಗಿದ್ದವರು ಜೋರಾಗಿ ನಕ್ಕು, ಎದೆಯ ಮೇಲೆ ಕೈಯಿಟ್ಟು ನಮಗೆ ಸಲಾಂ ಹೇಳಿ ಹೊರಟರು.

"ಮೊದಲೇ ಯಾಕೆ ಹೇಳಲಿಲ್ಲ, ಕೇಳಿ ಅವರಿಗೆ" ಎಂದೆ ಮೊಯ್ದಿನಾಕನಿಗೆ.

ಅವರು ಕೇಳಿದರು. ಅಜ್ಜಿಯ ಉತ್ತರವನ್ನು ಹೆಗಲ ಚೀಲ ಕೆಳಗಿಟ್ಟು ನಮಗೆ ಹೇಳಿದರು. "ನೀವು ದೂರದಿಂದ ಬಂದ ಅತಿಥಿಗಳಂತೆ. ಬೆಳಿಗ್ಗೆ ಬೇಗ ಎದ್ದು, ಅಷ್ಟು ಖುಷಿಯಲ್ಲಿ ನಮ್ಮ ನೆಲ ಗುಡಿಸ್ತೀರಿ. ಅತಿಥಿಗೆ ಬೇಡ ಅಂತ ಹೇಗೆ ಹೇಳುದು, ಅಂತ ಕೇಳ್ತಾರೆ."

ಪಿಕಪ್ಪು ಬರಲಿಲ್ಲ. ಮಗನಿಗೆ ಫೋನು ಮಾಡಿ ಬೇಡವೆಂದರಂತೆ. ಆದರೆ ಆ ಮಾತು ನನ್ನಲ್ಲಿ ಉಳಿಯಿತು. ಇಷ್ಟು ವರ್ಷ ಈ ದೇಶದಲ್ಲಿ ನಮಗೆ ಸಿಕ್ಕಿದ ಮರ್ಯಾದೆಗೆ ಕೊರತೆಯಿಲ್ಲ, ಯಾರೂ ಒಂದು ಕೆಟ್ಟ ಮಾತು ಆಡಿದವರಿಲ್ಲ. ನಾವೂ ವೀಸಾದ ಅವಧಿ ನೋಡಿಕೊಂಡು ಅತಿಥಿಗಳ ಹಾಗೆಯೇ ಬದುಕಿದೆವು. ಅತಿಥಿಗೆ ಒಳ್ಳೆಯ ಬಟ್ಟಲು ಸಿಗುತ್ತದೆ, ನಿಜವಾದ ಮಾತು ಸಿಗುವುದಿಲ್ಲ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಈಗ ಬಯಲಿನ ಕಾರುಬಾರು ಸರಳವಾಗಿದೆ. ಪ್ಲಾಸ್ಟಿಕ್ಕು ನಮ್ಮದು, ಎಲೆ ಆಡುಗಳದ್ದು, ಮುಳ್ಳಿನ ಪೊದೆ ಮರಳಿನದ್ದು. ಪೊದೆ ಕಿತ್ತ ಕಡೆಯಿಂದಲೇ ಮನೆಗೆ ಧೂಳು ನುಗ್ಗುತ್ತಿತ್ತು ಎಂಬುದು ಅದು ಮತ್ತೆ ಚಿಗುರಿದಾಗ ತಿಳಿಯಿತು. ಒಂದು ಜಾಗವನ್ನು ನೋಡಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಕೈಕಟ್ಟಿ ಕೂರುವ ಕೆಲಸ. ಅದರಷ್ಟು ಕಷ್ಟದ ಕೆಲಸವನ್ನು ನಾನು ಇದುವರೆಗೆ ಮಾಡಿಲ್ಲ. ಕಿಟಕಿಯಿಂದ ಕೆದರಿದ ನೆಲ ನೋಡುವಾಗ ಇವತ್ತಿಗೂ ಅಂಗೈ ತುರಿಸುತ್ತದೆ.

ಕಳೆದ ಶುಕ್ರವಾರ ಸಂಜೆ ಆ ತುರಿಕೆ ತಡೆಯದೆ, ಚಾಪೆ ಹಾಸುವಷ್ಟೇ ಜಾಗ ತಾನೇ ಎಂದು ಹಿಡಿಸೂಡಿಯನ್ನು ಸೆರಗಿನ ಮರೆಯಲ್ಲಿ ತಂದು ಮರದ ಕೆಳಗೆ ಸಣ್ಣಗೆ ಎರಡು ಗೆರೆ ಎಳೆದೆ.

"ಯಾ ಸುಜಾತಾ! ಖಲಾಸ್!"

ಬಯಲಿನ ಆ ತುದಿಯಿಂದ ಉಮ್ಮ್ ಸಾಲಿಮ್ ಕೂಗಿದ ಕೂಗಿಗೆ ಕ್ರಿಕೆಟ್ ನಿಂತಿತು. ದಡದಡನೆ ಬಂದು ನನ್ನ ಕೈಯಿಂದ ಹಿಡಿಸೂಡಿ ಕಿತ್ತುಕೊಂಡು, ಉಸಿರು ಬಿಡದೆ ಬೈದರು. ಅರ್ಥ ಕೇಳಲು ಮೊಯ್ದಿನಾಕನ ಕಡೆ ತಿರುಗಿದರೆ, "ಇದಕ್ಕೆ ಎಂತ ಭಾಷಾಂತರ ಬೇಡ ಅಕ್ಕ" ಎಂದರು. ನಿಜ, ನನ್ನ ಅಮ್ಮ ಬೈಯುತ್ತಿದ್ದದ್ದೂ ಇದೇ ಧಾಟಿಯಲ್ಲಿ. ನಾನು ತಲೆ ತಗ್ಗಿಸಿ ನಿಂತಿದ್ದೆ. ಕಣ್ಣಲ್ಲಿ ನೀರು, ಆದರೆ ಮುಖದ ನಗು ಎಷ್ಟು ಅಡಗಿಸಿದರೂ ಅಡಗಲಿಲ್ಲ.

ಬೈದು ಮುಗಿಸಿ ಅವರು ಹಿಡಿಸೂಡಿಯನ್ನು ನಾವು ಹಾಸಿದ ಚಾಪೆಯಡಿ ತೂರಿಸಿ, ಅದರ ಮೇಲೆಯೇ ಕುಳಿತರು. ಎಂದಿನಂತೆ ನಾನು ಬಟ್ಟಲಿಗೆ ಕೈ ಚಾಚಿದೆ. ಅವರು ಬಗ್ಗಿಸಿ ಕೊಡಲಿಲ್ಲ. ತಾವು ತಂದಿದ್ದ ಕಾಹ್ವಾದ ಹೂಜಿಯನ್ನು ನನ್ನ ಕಡೆಗೆ ತಳ್ಳಿ, ಬಂದವರಿಗೆಲ್ಲ ನೀನೇ ಹಾಕು ಎಂದು ಗದ್ದದಲ್ಲೇ ಸನ್ನೆ ಮಾಡಿದರು.