ಹೆಂಗಸರ ಹೊತ್ತಿನ ಐದು ಕಾಗದಗಳು

ನನ್ನ ಮೈದುನ ಗಲ್ಫಿನ ಕೆಲಸ ಬಿಟ್ಟು ಬಂದವನು ಬಂಟ್ವಾಳ ಪೇಟೆಯಲ್ಲಿ ಒಂದು ಚಪ್ಪಲಿ ಅಂಗಡಿಯ ಮಾಳಿಗೆ ಹಿಡಿದು ಆರು ಕಂಪ್ಯೂಟರ್ ಇಟ್ಟ. ಎರಡು ಸಾವಿರದ ಇಸವಿ ಕಳೆದ ಹೊಸತು. ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ.

"ಅತ್ತಿಗೆ, ಆ ಎರಡು ಗಂಟೆ ಹೆಂಗಸರಿಗೆ ಬಿಡುವ. ನೀವು ಬಂದು ಕೂತ್ಕೊಳ್ಳಿ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿಗೆ ಅಡುಗೆಮನೆಯಲ್ಲಿ ಬೂಷ್ಟು ಹಿಡೀತಾ ಉಂಟು," ಎಂದ.

ಮಾಮಿ, ಎಂದರೆ ನನ್ನ ಅತ್ತೆ, ಬೇಡ ಎನ್ನಲಿಲ್ಲ. "ಒಂದೂವರೆಗೆ ಊಟಕ್ಕೆ ಕೂರುವಾಗ ನೀನು ಇಲ್ಲಿರ್ಬೇಕು, ಅಷ್ಟೇ," ಎಂದರು.

ಬಂದು ಸೇರಿದವರು ಐವರು. ಐವರ ಗಂಡಂದಿರೂ ಗಲ್ಫಿನಲ್ಲಿ. ಅದುವರೆಗೆ ಅವರ ಕಾಗದಗಳನ್ನು ಬೇರೆಯವರು ಬರೆದುಕೊಡುತ್ತಿದ್ದರು: ಶಾಲೆಗೆ ಹೋಗುವ ಮಕ್ಕಳು, ಪಕ್ಕದ ಮನೆಯವರು, ಒಮ್ಮೊಮ್ಮೆ ಮಾವನೇ. ಮಾವ ಬರೆಯುವ ಕಾಗದದಲ್ಲಿ ಸೊಸೆ ಏನು ತಾನೇ ಹೇಳಿಯಾಳು? ಇಲ್ಲಿ ಅವರೇ ಕೂತು, ನಮ್ಮ ಬ್ಯಾರಿ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಒತ್ತುತ್ತಿದ್ದರು. ನಾನು ಹಿಂದೆ ನಡೆದು ಹೋದರೆ ಸಾಕು, ಶಾಲಿನ ತುದಿ ಎಳೆದು ಪರದೆಗೆ ಮುಚ್ಚುತ್ತಿದ್ದರು. ಓದುವುದಿಲ್ಲ ಎಂದು ನಾನು ಮೊದಲ ದಿನವೇ ಮಾತು ಕೊಟ್ಟಿದ್ದೆ. ಆದರೂ ಶಾಲು ಬರುತ್ತಿತ್ತು.

ಪ್ರತಿಯೊಬ್ಬರಿಗೂ ಒಂದು ಮೆಷಿನ್ ಗೊತ್ತುಮಾಡಿದ್ದೆ. ಎರಡನೆಯದರಿಂದ ಆರನೆಯದರವರೆಗೆ ಅವರದು, ಇಂಟರ್ನೆಟ್ ಇದ್ದ ಒಂದನೆಯದು ನನ್ನದು. ಗಲ್ಫಿನವರಿಗೆ ಶುಕ್ರವಾರ ರಜೆ, ಆದ್ದರಿಂದ ಐದೂ ಕಾಗದಗಳು ಗುರುವಾರ ಮಧ್ಯಾಹ್ನ ಹೋಗಬೇಕು. ಆ ದಿನ ಒಂದು ಗಂಟೆ ಆದದ್ದೇ ನನ್ನ ಓಟ ಸುರು. ನಂಬರ್ ಬರೆದ ಐದು ಫ್ಲಾಪಿ ಹಿಡಿದು ಮೆಷಿನಿನಿಂದ ಮೆಷಿನಿಗೆ ಹೋಗಬೇಕು. ಕಾಗದವನ್ನು ಅದಕ್ಕೆ ತುಂಬಿಸಬೇಕು, ಒಂದನೆಯದಕ್ಕೆ ತಂದು ಈ-ಮೇಲಿನಲ್ಲಿ ಕಳಿಸಬೇಕು, ಮತ್ತೆ ಹೋಗಿ ಮೂಲವನ್ನು ಅಳಿಸಬೇಕು. ಬೇರೆ ದಿನ ಅರ್ಧ ಬರೆದದ್ದನ್ನು ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಅಡಗಿಸಿಡುತ್ತಿದ್ದೆವು, ಆದರೆ ಮುಗಿದ ಕಾಗದದ ಒಂದು ಅಕ್ಷರವೂ ಎರಡು ಗಂಟೆಗೆ ಗಂಡಸರು ಬಂದು ಕೂರುವಾಗ ಅಲ್ಲಿ ಉಳಿದಿರಬಾರದು. ಮಳೆ ಹಿಡಿದ ಮೇಲೆ ಫ್ಲಾಪಿಗಳು ವಾರಕ್ಕೊಂದರಂತೆ ಕೈಕೊಟ್ಟವು. ಎರಡು ಗುರುವಾರ ಮಾಮಿ ನನ್ನನ್ನು ಬಿಟ್ಟೇ ಊಟ ಮಾಡಿದರು. ನನ್ನ ಬಟ್ಟಲನ್ನು ಕವುಚಿ ಇಟ್ಟಿದ್ದರು.

ಮೈದುನನ ಕಪಾಟಿನಲ್ಲಿ ಒಂದು ದಪ್ಪ ಪುಸ್ತಕವಿತ್ತು. ಬಣ್ಣದ ಚಿತ್ರಗಳಿಲ್ಲದ ಕರಿ ಪರದೆಯೊಂದು ಕಂಪ್ಯೂಟರಿನೊಳಗೆ ಇದೆ, ಅಲ್ಲಿ ಅಪ್ಪಣೆಗಳನ್ನು ಟೈಪ್ ಮಾಡಿದರೆ ಅದು ನಡೆಸಿಕೊಡುತ್ತದೆ ಎಂದು ಅದರಿಂದ ತಿಳಿಯಿತು. ಆ ಅಪ್ಪಣೆಗಳನ್ನೇ ಸಾಲಾಗಿ ಒಂದು ಫೈಲಿನಲ್ಲಿ ಬರೆದಿಟ್ಟರೆ, ಆ ಫೈಲನ್ನು ಒಮ್ಮೆ ಒತ್ತಿದ್ದಕ್ಕೆ ಎಲ್ಲವನ್ನೂ ತಾನೇ ಮಾಡಿ ಮುಗಿಸುತ್ತದಂತೆ. ಬ್ಯಾಚ್ ಫೈಲ್ ಎಂದು ಅದರ ಹೆಸರು. ಆರು ಮೆಷಿನುಗಳನ್ನು ಮೈದುನ ಮೊದಲೇ ವಯರಿನಿಂದ ಒಂದಕ್ಕೊಂದು ಜೋಡಿಸಿದ್ದ. ಮತ್ತೆ ನಾನು ಯಾಕೆ ಓಡಬೇಕು?

ಕರಿ ಪರದೆ ನನಗೆ ಹಿಡಿಸಿತು. ಅದು ನಮ್ಮ ಕಾನ್ವೆಂಟಿನ ಇಂಗ್ಲಿಷ್ ಸಿಸ್ಟರರ ಹಾಗೆ. ಒಂದು ಚುಕ್ಕೆ ಬಿಟ್ಟರೆ, ಎರಡು ಶಬ್ದಗಳ ನಡುವೆ ಜಾಗ ತಪ್ಪಿದರೆ, ಏರು ದನಿ ಇಲ್ಲದೆ ‘ಸರಿಯಿಲ್ಲ’ ಎಂದು ಹಿಂದೆ ಕಳಿಸುತ್ತಿತ್ತು. ಮೂರು ದಿನ ಮಗನ ಹಳೆಯ ನೋಟ್ಸಿನಲ್ಲಿ ಬರೆದು, ಹೊಡೆದು ಹಾಕಿ, ಕೊನೆಗೆ ಹತ್ತು ಸಾಲು ಮಾಡಿದೆ. ಎರಡನೆಯ ಮೆಷಿನಿನ ಕಾಗದವನ್ನು ಒಂದನೆಯದಕ್ಕೆ ಕಾಪಿ ಮಾಡು, ಅಲ್ಲಿಯದನ್ನು ಅಳಿಸು. ಮೂರನೆಯದನ್ನು ಕಾಪಿ ಮಾಡು, ಅಳಿಸು. ಹೀಗೆ ಆರರವರೆಗೆ. ಬುಧವಾರ ಪರೀಕ್ಷೆಗೆಂದು ಒಂದೊಂದು ಮೆಷಿನಿನಲ್ಲಿ, ಬರೆಯುತ್ತಿದ್ದ ಕಾಗದಗಳಿಗೆ ತಾಗದ ಬೇರೆ ಫೋಲ್ಡರಿನಲ್ಲಿ, ‘ಎರಡು’, ‘ಮೂರು’, ‘ನಾಲ್ಕು’ ಎಂದು ಹೆಸರಿಟ್ಟು ಸಣ್ಣ ಫೈಲುಗಳನ್ನು ಮಾಡಿ ನಡೆಸಿದೆ. ಐದೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನನ್ನ ಮೆಷಿನಿಗೆ ಬಂದು ಸಾಲಾಗಿ ಕೂತವು. ಆ ದಿನ ನಾನು ಮನೆಗೆ ಹೋಗುವಾಗ ಬಂಗುಡೆ ಮೀನು ಕೊಂಡುಹೋದೆ.

ನಾಲ್ಕನೆಯ ಮೆಷಿನಿನವರು ಸಿದ್ಧಕಟ್ಟೆಯಿಂದ ಬರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಟೀಚರೇ ಎಂದೇ ಕರೆಯುವುದು. ಬಲಗೈಯ ತೋರುಬೆರಳು ಒಂದರಿಂದಲೇ ಒತ್ತುತ್ತಿದ್ದರು. ಎಡಗೈಯಲ್ಲಿ ಕೊಡೆಯ ಹಿಡಿ ಯಾವಾಗಲೂ ಬಿಗಿಯಾಗಿ ಇರುತ್ತಿತ್ತು, ಒಳಗೆ ಮಳೆ ಬಂದೀತೋ ಎಂಬ ಹಾಗೆ. ಆ ವಾರದ ಕಾಗದಕ್ಕೆ ಅವರು ಆರು ದಿನ ಕೂತಿದ್ದರು.

"ಟೀಚರೇ, ಇದು ಈ ಗುರುವಾರ ಹೋಗ್ಲೇಬೇಕು," ಎಂದು ಬುಧವಾರ ಮೆಲ್ಲ ಹೇಳಿದರು. "ಮಗಳು ಹತ್ತನೇಲಿ ಫಸ್ಟ್ ಕ್ಲಾಸ್. ಮೂಡುಬಿದಿರೆಯಲ್ಲಿ ಸೈನ್ಸ್ ಓದ್ತೇನೆ ಅಂತಾಳೆ. ಬಾವ, ನನ್ನ ಗಂಡನ ಅಣ್ಣ, ಹೇಳ್ತಾರೆ, ಓದಿದ್ದು ಸಾಕು, ಹೊಲಿಗೆ ಕಲೀಲಿ ಅಂತ. ಫಾರ್ಮಿಗೆ ಶನಿವಾರ ಕೊನೇ ದಿನ."

"ಫೋನಿನಲ್ಲಿ ಹೇಳ್ಬಹುದಲ್ಲ?"

"ಫೋನು ಇರುವುದು ಬಾವನ ಕುರ್ಚಿಯ ಬದಿಗೆ. ಮನೆಯವರೆಲ್ಲ ಸುತ್ತ ಕೂತಿರ್ತಾರೆ. ನನ್ನ ಸರದಿ ಬರುವಾಗ ಗಂಡನ ಫೋನ್ ಕಾರ್ಡೇ ಮುಗೀತದೆ. ಶುಕ್ರವಾರ ನಮಾಜು ಕಳೆದು ಅವರು ಮಾಡುವಾಗ ಮೊದಲು ಎತ್ತುವುದು ಬಾವ. ಆಗ ಇವರ ಬಾಯಿಂದ ‘ಅವಳನ್ನು ಕಳಿಸಿ’ ಅಂತ ಬರ್ಬೇಕು. ಅದಕ್ಕೇ ಈ ಕಾಗದ."

ಗುರುವಾರ ಒಂದು ಗಂಟೆಗೆ ಐವರೂ ಎದ್ದು ಮೆಟ್ಟಿಲಿಳಿದರು. ನಾನು ಸಮಾಧಾನದಲ್ಲಿ ಕೂತು ನನ್ನ ಫೈಲನ್ನು ಒತ್ತಿದೆ. ಕರಿ ಪರದೆಯಲ್ಲಿ ಸಾಲುಗಳು ಸರಸರ ಓಡಿದವು. ಮೈದುನನಿಗೆ, "ನೋಡು, ಮುಗೀತು," ಎಂದೆ. ಕಾಗದಗಳು ಬಂದ ಜಾಗವನ್ನು ತೆರೆದೆ.

ಅಲ್ಲಿ ಒಂದೇ ಒಂದು ಕಾಗದವಿತ್ತು.

ಅದರ ಹೆಸರು ‘ಅಸ್ಸಲಾಮು ಅಲೈಕುಂ’. ನೋಡಿದ ಕೂಡಲೇ ನನಗೆ ಎಲ್ಲವೂ ಅರ್ಥವಾಯಿತು. ನಾನೇ ಅವರಿಗೆ ಕಲಿಸಿದ್ದು, ಸೇವ್ ಒತ್ತಿ, ಮತ್ತೆ ಎಂಟರ್ ಒತ್ತಿ, ಅಷ್ಟೇ ಎಂದು. ಹೆಸರು ಕೊಡದಿದ್ದರೆ ಕಂಪ್ಯೂಟರ್ ಕಾಗದದ ಮೊದಲ ಸಾಲನ್ನೇ ಹೆಸರು ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಕಾಗದ ಸುರುವಾಗುವುದು ಸಲಾಮಿನಿಂದ. ಬೇರೆ ಯಾವ ರೀತಿಯಲ್ಲಿ ಸುರುವಾದೀತು? ಐದು ಮೆಷಿನುಗಳಲ್ಲಿಯೂ ಕಾಗದದ ಹೆಸರು ಅದೇ. ಬೇರೆ ಬೇರೆ ಫ್ಲಾಪಿಯಲ್ಲಿ ಬರುತ್ತಿದ್ದಾಗ ನಾನು ಹೆಸರನ್ನು ಗಮನಿಸಿಯೇ ಇರಲಿಲ್ಲ, ಫ್ಲಾಪಿಯ ನಂಬರ್ ನೋಡಿ ಕಳಿಸುತ್ತಿದ್ದೆ. ಈಗ ಎಲ್ಲವೂ ಒಂದೇ ಜಾಗಕ್ಕೆ ಬಂದಾಗ ಮೂರನೆಯದು ಎರಡನೆಯದರ ಮೇಲೆ ಕೂತಿತು, ನಾಲ್ಕನೆಯದು ಮೂರನೆಯದರ ಮೇಲೆ. ಕೈಯಲ್ಲೇ ಅಪ್ಪಣೆ ಕೊಟ್ಟಿದ್ದರೆ, ಇದರ ಮೇಲೆ ಬರೆಯಲೋ ಎಂದು ಅದು ಒಂದು ಮಾತು ಕೇಳುತ್ತಿತ್ತು. ಬ್ಯಾಚ್ ಫೈಲಿನಿಂದ ಹೇಳಿದರೆ ಕೇಳುವುದಿಲ್ಲ, ಬರೆದವಳಿಗೆ ಬುದ್ಧಿ ಇದೆ ಎಂದು ತಿಳಿಯುತ್ತದೆ.

ಉಳಿದದ್ದು ಯಾರದು ಎಂದು ತಿಳಿಯಲು ತೆರೆಯಲೇಬೇಕಾಯಿತು. ಎರಡನೆಯ ಸಾಲಿಗೇ ನನ್ನ ಕಿವಿ ಕೆಂಪಾಗಿ ಮುಚ್ಚಿಬಿಟ್ಟೆ. ಆರನೆಯ ಮೆಷಿನಿನವಳು ಮದುವೆಯಾಗಿ ನಾಲ್ಕು ತಿಂಗಳ ಹುಡುಗಿ.

"ಅಳಿಸಿದ್ದು ಕಸದ ಬುಟ್ಟಿಯಲ್ಲಿ ಇರ್ಬಹುದಾ?" ಎಂದು ಮೈದುನನನ್ನು ಕೇಳಿದೆ.

"ಕರಿ ಪರದೆಯಿಂದ ಅಳಿಸಿದ್ದು ಬುಟ್ಟಿಗೂ ಹೋಗುವುದಿಲ್ಲ ಅತ್ತಿಗೆ," ಎಂದ ಅವನು. ನನ್ನ ಮುಖ ನೋಡಿ, "ಮೂಡುಬಿದಿರೆ ಬಸ್ಸು ಒಂದೂ ಹತ್ತಕ್ಕೆ. ಓಡಿ," ಎಂದ.

ಮದುವೆಯಾದ ಮೇಲೆ ಪೇಟೆಯಲ್ಲಿ ಓಡಿದ್ದು ಅದೇ ಮೊದಲು. ಬಸ್ಸು ಇಂಜಿನ್ ಹಾಕಿ ನಿಂತಿತ್ತು. ಅವರು ಮುಂದಿನ ಸೀಟಿನಲ್ಲಿ ಕೊಡೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದರು. ನಾನು ಕಿಟಕಿಯ ಸರಳು ಹಿಡಿದು ಏದುಸಿರಿನಲ್ಲಿ, "ಇಳೀರಿ, ಕಾಗದ ಹೋಯ್ತು," ಎಂದೆ.

"ಹೋಯ್ತಾ? ಒಳ್ಳೇದಾಯ್ತಲ್ಲ!"

"ಹಾಗೆ ಹೋದದ್ದಲ್ಲ. ಅಳಿಸಿ ಹೋಯ್ತು."

ಅವರು ಏಳಲೂ ಇಲ್ಲ, ಕೂರಲೂ ಇಲ್ಲ. ಕಂಡಕ್ಟರ್ ಹಿಂದಿನಿಂದ, "ಅಕ್ಕ, ಬರ್ತೀರಾ, ಇಳೀತೀರಾ? ಯಾವುದಾದ್ರೂ ಒಂದು ಮಾಡಿ ಮಾರಾಯ್ರೆ," ಎಂದ. ಅವರು ಇಳಿದರು.

 ಮಾಳಿಗೆಯ ಮೆಟ್ಟಿಲು ಹತ್ತುವಾಗ ತಮ್ಮ ತೋರುಬೆರಳನ್ನು ನೋಡಿಕೊಂಡು, "ಆರು ದಿನ, ಟೀಚರೇ," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

"ತಪ್ಪು ನನ್ನದೇ. ನೀವು ಹೇಳಿ, ನಾನು ಟೈಪ್ ಮಾಡ್ತೇನೆ. ಹತ್ತು ನಿಮಿಷದ ಕೆಲಸ."

"ಬೇಡ. ನೀವು ಬರೆದ್ರೆ ಅವರಿಗೆ ಗೊತ್ತಾಗ್ತದೆ. ನನ್ನ ತಪ್ಪುಗಳು ಅದರಲ್ಲಿ ಇರ್ಬೇಕು."

ನಾಲ್ಕನೆಯ ಮೆಷಿನಿನ ಮುಂದೆ ಕೂತರು. ಹೇಗೆ ಹೀಗಾಯಿತು ಎಂದು ಕೇಳಿದರು, ಹೇಳಿದೆ. 

"ಹಾಗಾದ್ರೆ ಸಲಾಂ ಕೊನೆಗೆ ಹಾಕ್ತೇನೆ."

"ಅದು ಬೇಕಾಗಿಲ್ಲ. ಮೊದಲೇ ಹಾಕಿ, ಹೆಸರು ಬೇರೆ ಕೊಟ್ಟರಾಯ್ತು. ಈಗ ಬರೆಯುವುದು ನಿಮ್ಮದು ಒಂದೇ."

"ಇಲ್ಲ ಟೀಚರೇ. ನಿಮ್ಮನ್ನು ನಂಬ್ತೇನೆ, ಇದನ್ನು ನಂಬುವುದಿಲ್ಲ," ಎಂದು ಕೊಡೆಯ ತುದಿಯಿಂದ ಕಂಪ್ಯೂಟರನ್ನು ತೋರಿಸಿದರು.

ಎರಡು ಗಂಟೆಗೆ ಗಂಡಸರು ಬರುವವರಿದ್ದರು. ಆರು ದಿನಗಳ ಕಾಗದದಲ್ಲಿ ಎರಡು ಪುಟ ಯೋಗಕ್ಷೇಮವಿತ್ತಂತೆ. ಅತ್ತೆಯ ಕಾಲುನೋವು, ದನ ಕರು ಹಾಕಿದ್ದು, ನಾದಿನಿಯ ಮನೆಯ ಹೊಸ ಅಂಗಳ, ಎಲ್ಲ ಮುಗಿದ ಮೇಲೆ ಕೊನೆಯ ಮೂರು ಸಾಲು ಮಗಳ ವಿಷಯ. ಈಗ ಆ ಎರಡು ಪುಟಕ್ಕೆ ಹೊತ್ತಿರಲಿಲ್ಲ. ಬರೆದು ಮುಗಿಸಿ ಶಾಲು ಮುಚ್ಚದೆ, ತಾವೇ ನನಗೆ ಓದಿ ಹೇಳಿದರು. ಮಗಳು ಫಸ್ಟ್ ಕ್ಲಾಸ್. ಮೂಡುಬಿದಿರೆಯಲ್ಲಿ ಸೈನ್ಸ್ ಓದಬೇಕು. ಶನಿವಾರ ಕೊನೇ ದಿನ. ನಾಳೆ ಬಾವನಿಗೆ ಕಳಿಸಿ ಅಂತ ಹೇಳಿ. ಅಸ್ಸಲಾಮು ಅಲೈಕುಂ.

ಎರಡಕ್ಕೆ ಐದು ನಿಮಿಷ ಇರುವಾಗ ಅದನ್ನೂ ಆರನೆಯವಳದನ್ನೂ ಕಳಿಸಿದೆ. ಉಳಿದ ಮೂವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರಲ್ಲಿ ಅಳದಂಗಡಿ ಕಡೆಯವರೊಬ್ಬರು, "ಪರವಾಗಿಲ್ಲ ಟೀಚರ್. ಈ ವಾರ ಅದರಲ್ಲಿ ಬರೀ ಬೈಗುಳ ಇತ್ತು. ನನ್ನ ಗಂಡ ನಿಮಗೆ ದುವಾ ಮಾಡ್ತಾರೆ," ಎಂದು ನಕ್ಕರು. ಮನೆಗೆ ಹೋದಾಗ ನನ್ನ ಬಟ್ಟಲು ಕವುಚಿತ್ತು.

ಶುಕ್ರವಾರ ನನಗೆ ಯಾವ ಕೆಲಸವೂ ಸಾಗಲಿಲ್ಲ. ಅಕ್ಕಿ ತೊಳೆಯುವಾಗಲೂ ಸಿದ್ಧಕಟ್ಟೆಯ ಆ ಫೋನೇ ಕಣ್ಣೆದುರು. ಸುಮ್ಮನೆ ಇರಲಾರದೆ ನೋಟ್ಸು ಬಿಡಿಸಿ ನನ್ನ ಹತ್ತು ಸಾಲುಗಳನ್ನು ತಿದ್ದಿದೆ. ಒಂದೊಂದು ಮೆಷಿನಿನ ಕಾಗದಕ್ಕೆ ಒಂದೊಂದು ಬೇರೆ ಫೋಲ್ಡರ್. ಎಲ್ಲವೂ ಬಂದ ಮೇಲೆ ಕಂಪ್ಯೂಟರ್ ನಿಂತು ಕಾಯಬೇಕು, ನಾನು ಐದನ್ನೂ ಎಣಿಸಿ ನೋಡಿ ಒಂದು ಕೀಲಿ ಒತ್ತಿದ ಮೇಲೆಯೇ ಅಳಿಸಬೇಕು. ಹತ್ತು ಸಾಲು ಹನ್ನೊಂದಾಯಿತು. ಮಾಮಿ ಒಲೆಯ ಬಳಿಯಿಂದ, "ಏನು ಬರೀತಿ ಅಷ್ಟು ಹೊತ್ತಿನಿಂದ?" ಎಂದು ಕೇಳಿದರು. "ಊಟಕ್ಕೆ ಬೇಗ ಬರುವ ಉಪಾಯ," ಎಂದೆ. "ಅದಕ್ಕೆ ಬರೀಲಿಕ್ಕೆ ಏನುಂಟು, ನಡ್ಕೊಂಡು ಬಂದ್ರೆ ಆಯ್ತು," ಎಂದರು.

ಶನಿವಾರ ಒಂಬತ್ತಕ್ಕೇ ಸಿದ್ಧಕಟ್ಟೆಯವರು ನಮ್ಮ ಮನೆಯ ಅಂಗಳದಲ್ಲಿದ್ದರು. ಜೊತೆಯಲ್ಲಿ ಎರಡು ಜಡೆಯ ಮಗಳು, ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಫಾರ್ಮು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಏನಾಯ್ತು, ಬೇಗ ಹೇಳಿ!"

"ಏನು ಹೇಳುವುದು ಟೀಚರೇ, ಬಾವ ಫೋನ್ ಎತ್ತಿದ್ದೇ, ಇವರ ಸ್ವರ ಇಡೀ ಚಾವಡಿಗೆ ಕೇಳ್ತದೆ. ‘ಮಗಳನ್ನು ಮೂಡುಬಿದಿರೆಗೆ ಕಳಿಸಿ ಅಣ್ಣ, ಮನೆಯಲ್ಲಿ ಎಲ್ಲರೂ ಬದುಕಿದ್ದಾರಲ್ಲ?’ ಒಂದೇ ಉಸಿರಿಗೆ."

"ಅದೇನು ಹಾಗೆ ಕೇಳಿದ್ದು?"

ಅವರು ನಗಲು ಸುರುಮಾಡಿದರು. ನಕ್ಕು ನಕ್ಕು ಜಗಲಿಯಲ್ಲಿ ಕೂತೇಬಿಟ್ಟರು. ಮಗಳೇ ಹೇಳಬೇಕಾಯಿತು. ಅಲ್ಲಿ ಅವಳ ತಂದೆಗೆ ರೂಮಿನ ಗೆಳೆಯ ಆಫೀಸಿನಲ್ಲಿ ಅಚ್ಚು ತೆಗೆದು ತಂದುಕೊಟ್ಟ ಹಾಳೆಯಲ್ಲಿ ಸಲಾಂ ಇಲ್ಲ, ಕ್ಷೇಮ ಇಲ್ಲ, ಮೊದಲಲ್ಲೇ ಮಗಳು ಎಂಬ ಶಬ್ದ. ಹದಿನಾರು ವರ್ಷಗಳಲ್ಲಿ ಅಂಥ ಕಾಗದ ಬಂದೇ ಇರಲಿಲ್ಲ. ಯಾರಿಗೋ ಏನೋ ಆಗಿದೆ ಎಂದು ಅವರು ಮಂಚದಲ್ಲಿ ಕುಸಿದು ಕೂತರಂತೆ. ಓದಿ ನೋಡಿದರೆ ಕಾಲೇಜಿನ ವಿಷಯ. ಇಷ್ಟೇ ತಾನೇ ಎಂಬ ಸಂತೋಷಕ್ಕೆ, ಕೊನೆಯ ಸಾಲಿಗೆ ಮುಟ್ಟುವ ಮೊದಲೇ ಒಪ್ಪಿಬಿಟ್ಟರಂತೆ.

"ನಿಮ್ಮ ಬಾವ ಏನು ಹೇಳಿದ್ರು?"

"ಏನು ಹೇಳ್ತಾರೆ? ಫೋನ್ ಇಟ್ರು. ಮತ್ತೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ್ರು. ಟೀಚರೇ, ಫಾರ್ಮು ಇಂಗ್ಲಿಷಿನಲ್ಲಿ ಉಂಟು. ನೀವೂ ಬನ್ನಿ, ಹೋಗುವ."

ಮಾಮಿಯ ಕಡೆ ನೋಡಿದೆ. ಅವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹೋಗು, ಹೋಗು. ಊಟ ಬಡಿಸಿಕೊಳ್ಳಲಿಕ್ಕೆ ನನಗೂ ಕೈ ಉಂಟು," ಎಂದರು.

ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ಫಾರ್ಮನ್ನು ಮಗುಚಿ ನೋಡಿ, "ತಂದೆಯ ಸಹಿ ಆಗ್ಬೇಕಲ್ಲ? ಅವರು ಬರ್ಲಿಲ್ವಾ?" ಎಂದು ಕೇಳಿದರು.

"ದಮ್ಮಾಮಿನಲ್ಲಿದ್ದಾರೆ. ನಾನು ಹಾಕ್ತೇನೆ."

ಗುಮಾಸ್ತರು ಪೆನ್ನು ಕೊಟ್ಟರು. ಕೊಡೆಯನ್ನು ಮಗಳ ಕೈಗೆ ಕೊಟ್ಟು, ಅವರು ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ಬಿಡಿ ಬಿಡಿಯಾಗಿ ಬರೆದರು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೂ ಅವಸರಿಸಲಿಲ್ಲ.

ಹೊರಗೆ ಬರುವಾಗ ಮಗಳು, "ಉಮ್ಮ, ಇಲ್ಲಿ ಕಂಪ್ಯೂಟರ್ ಲ್ಯಾಬ್ ಉಂಟಂತೆ," ಎಂದಳು.

"ಉಂಟಾದ್ರೆ ಕಲಿ," ಎಂದರು ತಾಯಿ, ನನ್ನ ತೋಳು ಹಿಡಿದುಕೊಂಡು. "ಎಲ್ಲ ಕೆಲಸ ಒಂದೇ ಒತ್ತಿಗೆ ಮಾಡುವುದನ್ನು ಮಾತ್ರ ಕೊನೆಗೆ ಕಲಿ. ಅದು ಎಷ್ಟು ಕಷ್ಟ ಅಂತ ಈ ಟೀಚರನ್ನು ಕೇಳು."