ದೇವಿ ಸಾಲಿಗೆ ಹೋಗ್ಯಾಳ

ನನ್ನ ಮಗಳು ಹದಿನೇಳು ದಿನ ದೇವಿ ಆಗಿದ್ಲು. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಅಕ್ಕಲಕೋಟದಾಗ ನಮ್ಮ ಅತ್ತಿ ಮನಿ ಕಟ್ಟಿ ಮ್ಯಾಲ ಕುಂತಿದ್ಲು, ಮುಂದ ತೆಂಗಿನಕಾಯಿ, ಖಣ, ಅರಿಷಿಣ-ಕುಂಕುಮದ ರಾಶಿ. ಆಕಿನ್ನ ದೇವಿ ಮಾಡಿದವ್ರು ಓಣಿ ಮಂದಿ, ಊರಿಗೆಲ್ಲಾ ಸಾರಿದ್ದು ಪೇಪರ್, ಬಿಡಿಸಿದಾಕಿ ನಾನು. ಇದನ್ನ ಹೇಳೂಮುಂದ ನಂಗ ಇವತ್ತಿಗೂ ಎದಿ ಉಬ್ಬತದ. ಉಬ್ಬಲಿ, ಯಾಕ ಮುಚ್ಚಿಡಲಿ?

ಅದು ತೊಂಬತ್ತರ ದಶಕದ ನಡುವಿನ ಮಾತು. ನಮ್ಮನಿಯವ್ರು ಸೋಲಾಪುರ ಕೋರ್ಟಿನಾಗ ಟೈಪಿಸ್ಟ್, ನಾನು ಒಂದು ಸರಕಾರಿ ಕಚೇರಿಯೊಳಗ ಕಾರಕೂನಳು. ಇದ್ದಾಕಿ ಒಬ್ಬಾಕಿ ಮಗಳು, ಎಂಟು ವರ್ಷದಾಕಿ. ಆಕಿ ಮಂದಿ ಮಾರಿ ನೋಡ್ತಿದ್ದಿಲ್ಲ. ಗದ್ದಲಾ ಆದ್ರ ಎರಡೂ ಕಿವಿ ಮುಚ್ಚಿಕೊಂಡು ಹಿಂದ ಮುಂದ ತೂಗ್ಯಾಡ್ತಿದ್ಲು. ತಾನಾಗಿ ಮಾತಾಡ್ತಿದ್ದಿಲ್ಲ. ಏನರ ಕೇಳಿದ್ರ, ನಾವು ಕೇಳಿದ್ದರಾಗಿನ ಕಡೀ ಮಾತು ತಿರುಗಿ ನಮಗ ಹೇಳ್ತಿದ್ಲು. "ಹಾಲು ಬೇಕೇನು?" ಅಂದ್ರ "ಬೇಕೇನು" ಅಂತಿದ್ಲು. ಹುಚ್ಚಿ ಅಂದವ್ರು ಎಷ್ಟೋ ಮಂದಿ. ಮಾಟಾ ಮಾಡಸ್ಯಾರ ಅಂದವ್ರೂ ಇದ್ರು. ಪುಣೆದಾಗ ಒಬ್ಬ ಡಾಕ್ಟರ್ ಇದಕ್ಕ ಆಟಿಝಂ ಅಂತಾರ ಅಂತ ಹೇಳಿ ಚೀಟಿ ಮ್ಯಾಲ ಬರದುಕೊಟ್ರು. ಆ ಚೀಟಿ ನಮ್ಮ ಓಣಿ ಡಾಕ್ಟರಿಗೆ ತೋರಿಸಿದ್ರ, ಅವ್ರು ಕನ್ನಡಕಾ ಏರಿಸಿ, "ಇದು ಯಾವ ಗುಳಿಗಿ?" ಅಂತ ಕೇಳಿದ್ರು. ನಂಗ ನಗೂ ಬಂತು, ಅಳೂ ಬಂತು.

ಮೂರು ಸಾಲಿಯವ್ರು ಆಕಿನ್ನ ತಗೊಳ್ಳಲಿಲ್ಲ. ನಾಕನೇದ್ದು ನಮ್ಮನಿ ಹತ್ರದ ಕನ್ನಡ ಸಾಲಿ. ಅಲ್ಲಿನ ಹೆಡ್ ಮಿಸ್ಟ್ರೆಸ್ಸಿಗೆ ಎಲ್ಲಾರೂ ದೊಡ್ಡಕ್ಕೋರು ಅಂತಿದ್ರು. ಭಾಳ ಬಿಗಿ ಹೆಣಮಗಳು. ನಾನು ನಾಕು ಸಲ ಅವ್ರ ಖೋಲಿ ಮುಂದ ಹೋಗಿ ಕುಂತಮ್ಯಾಲ, ಜೂನ್ ತಿಂಗಳದಾಗ, "ಎರಡನೇ ಇಯತ್ತೆ ವರ್ಗದಾಗ ಕಡೀ ಬೆಂಚಿನ ಮ್ಯಾಲ ಕೂಡಲಿ, ನೋಡೂಣು" ಅಂದಿದ್ರು. ಅಷ್ಟೇ ಸಾಕಾಗಿತ್ತು ನಂಗ. ಆ ಬೆಂಚಿನ ತುದಿ ಸಿಕ್ಕಿದ್ದಕ್ಕ ನಾನು ಇಡೀ ಕಚೇರಿಗೆ ಪೇಢೆ ಹಂಚೀನಿ.

ದೀಪಾವಳಿ ಸೂಟಿ ಬಿತ್ತು. ನಮಗಿಬ್ಬರಿಗೂ ರಜಾ ಇಲ್ಲ, ಮಗಳನ್ನ ಅಕ್ಕಲಕೋಟಕ್ಕ ಅತ್ತಿ ಹತ್ರ ಬಿಟ್ಟು ಬಂದ್ವಿ. ತಪ್ಪಾದದ್ದೇ ಅಲ್ಲಿ. ಗುರುವಾರ ಅಂದ್ರ ಅಲ್ಲಿ ಸ್ವಾಮಿಗಳ ಮಠಕ್ಕ ಬರೂ ಮಂದಿ ಎಷ್ಟು! ಓಣಿ ತುಂಬ ಗದ್ದಲಾ. ಮಗಳು ಕಟ್ಟಿ ಮ್ಯಾಲ ಕುಂತು ತೂಗ್ಯಾಡಾಕತ್ತಿದ್ಲು. ಹಣಗಿ ತಲಿಗೆ ಮುಟ್ಟಿಸಿದ್ರ ಚೀರ್ತಿದ್ಲು, ಹಿಂಗಾಗಿ ಕೂದಲಾ ಬಿಚ್ಚೇ ಇತ್ತು. ಬಿಚ್ಚಿದ ಕೂದಲಾ, ತೂಗ್ಯಾಡೂ ಮೈ, ಅದೂ ಗುರುವಾರ. ಮಂದಿಗೆ ಇನ್ನೇನು ಬೇಕು? ಎದುರು ಮನಿ ಹೆಣಮಗಳು ಬಂದು ಕೈ ಮುಗದು, "ತಾಯಿ, ನನ್ನ ಮಗಳ ಲಗ್ನ ಈ ವರ್ಷ ಆಗ್ತದ?" ಅಂತ ಕೇಳ್ಯಾಳ. "ಈ ವರ್ಷ ಆಗ್ತದ" ಅಂದಾಳ ನನ್ನ ಮಗಳು. ಆಕಿ ದೈವ ನೋಡ್ರಿ, ನಾಕನೇ ದಿನಕ್ಕ ದುಧನಿ ಕಡಿಂದ ಗಂಡಿನವ್ರು ಬಂದು ಹೂಂ ಅಂದುಬಿಟ್ರು!

ಅಲ್ಲಿಂದ ಶುರು ಆತು ಸಾಲು. "ಆಗ್ತದೋ ಇಲ್ಲೋ?" ಅಂತ ಕೇಳಿದವ್ರಿಗೆ "ಇಲ್ಲೋ" ಅಂತ ಉತ್ತರಾ ಸಿಕ್ಕು, ಅವ್ರು ಅಳಕೋತ ಹೋಗ್ತಿದ್ರಂತ. ಎರಡು ದಿನದಾಗ ಮಂದಿ ಶ್ಯಾಣ್ಯಾರಾದ್ರು. ಒಳ್ಳೇದನ್ನ ಕಡೀಕ ಇಟ್ಟು ಕೇಳಬೇಕು, ದೇವಿಗೆ ಹಂಗ ಕೇಳಿದ್ರ ಸೇರ್ತದ ಅಂತ ಒಬ್ಬರಿಗೊಬ್ಬರು ಹೇಳಿಕೊಟ್ರು. ಸಾಲಿನ್ಯಾಗ ಹಿಂದ ನಿಂತವ್ರಿಗೆ ಮುಂದಿನವ್ರು ಕಲಸೂದು, ಅವ್ರು ಬಾಯಿಪಾಠ ಮಾಡೂದು. ಎಲಾ ಇವ್ರ! ಇಷ್ಟು ತಿಳದವ್ರಿಗೆ, ಹುಡುಗಿ ನಮ್ಮ ಮಾತನ್ನ ನಮಗ ಹೇಳಾಕತ್ತ್ಯಾಳ ಅನ್ನೂದು ಮಾತ್ರ ತಿಳೀಲಿಲ್ಲ.

ಇದೆಲ್ಲಾ ನಂಗ ಗೊತ್ತಾಗಿದ್ದು ಪೇಪರ್ ನೋಡಿ. ಸೂಟಿ ಮುಗಿಯೂ ಹೊತ್ತಿಗೆ ಸೋಲಾಪುರದ ಒಂದು ಮರಾಠಿ ಪೇಪರಿನಾಗ ಮಗಳ ಫೋಟೋ ಬಂತು, ಮ್ಯಾಲ ದಪ್ಪ ಅಕ್ಷರದಾಗ "ಅಕ್ಕಲಕೋಟದ ಬಾಲದೇವಿ". ಕಚೇರಿಯೊಳಗ ನನ್ನ ಟೇಬಲ್ ಮ್ಯಾಲ ಯಾರೋ ಅದನ್ನ ಬಿಚ್ಚಿ ಇಟ್ಟಿದ್ರು. ಮೈ ಎಲ್ಲಾ ಉರೀತು. ಅರ್ಧಾ ದಿನ ರಜಾ ಹಾಕಿ ಎಸ್‌ಟಿ ಬಸ್ ಹಿಡದು ಹೋದೆ.

"ಅತ್ತಿ, ಇದೇನು ಮಾಡೀರಿ? ನಿಮಗ ಗೊತ್ತಿಲ್ಲೇನು ಆಕಿ ಹೆಂಗದಾಳ ಅಂತ?" ಅಂತ ಬಾಗಲದಾಗೇ ನಿಂತು ಒದರಿದೆ.

ಅತ್ತಿ ಸಿಟ್ಟಿಗೇಳಲಿಲ್ಲ. "ಇಷ್ಟು ವರ್ಷ, ಬಂದಾಗೊಮ್ಮೆ ಈ ಓಣಿಯಾಗ ನನ್ನ ಮಮ್ಮಗಳಿಗೆ ಹುಚ್ಚಿ ಅಂದ್ರು. ಈಗ ಅದೇ ಮಂದಿ ಬಂದು ಕಾಲಿಗೆ ಬೀಳ್ತಾರ. ಹುಚ್ಚಿ ಅನ್ನಿಸ್ಕೊಳ್ಳೂದಕ್ಕಿಂತ ದೇವಿ ಅನ್ನಿಸ್ಕೊಳ್ಳೂದು ಚಲೋ ಅಲ್ಲೇನ, ನೀನೇ ಹೇಳು" ಅಂದ್ರು. ಒಳಗ ಹೋಗಿ ನೋಡಿದ್ರ, ದೇವಿ ಹಾಸಗಿ ಸಂದ್ಯಾಗ ಕಿವಿ ಮುಚ್ಚಿಕೊಂಡು ಕುಂತಿತ್ತು. ಎಷ್ಟು ದಿನದಿಂದ ಸರಿಯಾಗಿ ನಿದ್ದಿ ಮಾಡಿದ್ದಿಲ್ಲೋ ಏನೋ. ಅಲ್ಲೇ ಎತ್ತಿಕೊಂಡು ಸೋಲಾಪುರಕ್ಕ ಬಂದೆ.

ಸಾಲಿ ಶುರು ಆದ ದಿನ ದೊಡ್ಡಕ್ಕೋರು ನಮ್ಮನ್ನ ಖೋಲಿ ಹೊರಗೇ ನಿಂದ್ರಿಸಿದ್ರು. ಕೈಯಾಗ ಅದೇ ಪೇಪರ್. "ಮುಂಜಾನೆಯಿಂದ ಪಾಲಕರು ಬರಾಕತ್ತ್ಯಾರ್ರಿ. ಮೈಯಾಗ ದೇವಿ ಬರೂ ಹುಡುಗಿ ಬಾಜೂಕ ನಮ್ಮ ಮಕ್ಕಳನ್ನ ಕೂಡಿಸಬ್ಯಾಡ್ರಿ ಅಂತಾರ ಅರ್ಧಾ ಮಂದಿ. ಉಳದವ್ರು ದರ್ಶನಾ ಯಾವಾಗ ಅಂತ ಕೇಳ್ತಾರ. ನಂಗ ಎರಡೂ ಬ್ಯಾಡ. ಸೋಮವಾರದೊಳಗ ಅದೇ ಪೇಪರಿನಾಗ, ಈ ಸುದ್ದಿ ಸುಳ್ಳು ಅಂತ ಖುಲಾಸೆ ಬರಬೇಕು. ಇಲ್ಲಾಂದ್ರ ದಾಖಲಾ ತಗೊಂಡು ಹೋಗ್ರಿ."

ದಾಖಲಾ ಅಂದ್ರ ಸಾಲಿ ಬಿಟ್ಟ ಚೀಟಿ. ಐದನೇ ಸಾಲಿ ಎಲ್ಲಿಂದ ತರಲಿ? ನಮ್ಮನಿಯವ್ರು, "ವಕೀಲರ ಕಡಿಂದ ನೋಟೀಸು ಕೊಡಸೂಣು" ಅಂದ್ರು. "ನಿಮ್ಮ ನೋಟೀಸು ಮುಟ್ಟೂದ್ರೊಳಗ ಆಕಿ ಲಗ್ನಕ್ಕ ಬರ್ತಾಳ" ಅಂತ ಹೇಳಿ, ಶುಕ್ರವಾರ ಮಗಳ ಕೈ ಹಿಡಕೊಂಡು ನಾನೇ ಪೇಪರ್ ಆಫೀಸಿಗೆ ಹೋದೆ.

ಸಂಪಾದಕರು ವಯಸ್ಸಾದವ್ರು, ಬಾಯಿ ತುಂಬ ಎಲಿ-ಅಡಕಿ. ಮರಾಠಿಯೊಳಗ, "ಬಸಾ ಬಾಯಿ, ಬಸಾ" ಅಂತ ಕುರ್ಚಿ ತೋರಿಸಿದ್ರು. ನಾನು ಹೇಳಿದ್ದೆಲ್ಲಾ ಕೇಳಿ ತಲಿ ಅಲ್ಲಾಡಿಸಿದ್ರು. "ಖುಲಾಸೆ ಹಾಕಿದ್ರ ನಾವು ಸುಳ್ಳು ಬರದೀವಿ ಅಂತ ಆಗ್ತದ. ಅದರ ಬದ್ಲಿ ಒಂದು ಮಾಡೂಣು" ಅಂದ್ರು. ಆಗ ಟೀವಿಯೊಳಗ ಒಂದು ಸೀರಿಯಲ್ ನಡದಿತ್ತು. ಅದರಾಗ ನನ್ನ ಮಗಳಂಥಾ ಒಬ್ಬ ಮನಷ್ಯಾ, ಯಾರ ಕೂಡನೂ ಮಾತಾಡೂದಿಲ್ಲ, ಆದ್ರ ಎಂಥಾ ದೊಡ್ಡ ಗುಣಾಕಾರ ಕೊಟ್ರೂ ಗಳಗಳ ಹೇಳಿಬಿಡ್ತಾನ. ಮನಿ ಮನಿಯಾಗ ಅವಂದೇ ಮಾತು. "ನಿಮ್ಮ ಮಗಳಿಗೂ ಅಂಥಾದ್ದೇನರ ಬರ್ತದ? ಬಂದ್ರ ಹೇಳ್ರಿ, ಮೊದಲನೇ ಪುಟದಾಗ ಹಾಕ್ತೀನಿ."

"ಆಕಿಗೆ ಎರಡರ ಮಗ್ಗಿನೂ ಬರೂದಿಲ್ರಿ" ಅಂದೆ.

"ಹಂಗಾದ್ರ ಇದ್ರಾಗ ಸುದ್ದಿ ಏನು?"

ಅಯ್ಯ ಶಿವನ, ಆ ಮಾತಿಗೆ ನನ್ನ ನೆತ್ತಿಗೆ ಬೆಂಕಿ ಹತ್ತಿತು. ದೇವಿ ಆಗಬೇಕು, ಇಲ್ಲಾ ಲೆಕ್ಕದ ಮಶೀನು ಆಗಬೇಕು. ಎಂಟು ವರ್ಷದ ಹುಡುಗಿ ಆಗಿ ಇರಾಕ ಆಕಿಗೆ ಹಕ್ಕಿಲ್ಲೇನು? ನಾನು ಎದ್ದು ನಿಂತೆ. "ನೀವೇ ದೇವಿಗೆ ಒಂದು ಪ್ರಶ್ನೆ ಕೇಳ್ರಿ. ಮರಾಠಿನೂ ಬರ್ತದ ದೇವಿಗೆ. ನಿಮ್ಮ ಪೇಪರ್ ನಡೀತದೋ ಮುಚ್ಚತದೋ, ಕೇಳ್ರಿ."

ಅವ್ರು ನಕ್ಕೋತ ಕೇಳಿದ್ರು. "ಮುಚ್ಚತದೋ" ಅಂದ್ಲು ಮಗಳು, ಕಿಡಕಿ ಕಡೆ ನೋಡಿಕೋತ.

ಅಚ್ಚಿನ ಮೊಳಿ ಜೋಡಸಾಕತ್ತಿದ್ದ ಮಂದಿ ಕೈ ಬಿಟ್ಟು ತಿರುಗಿ ನೋಡಿದ್ರು. ಸಂಪಾದಕರ ಮಾರಿ ಸಣ್ಣದಾತು. "ಈಗ ತಿರುವಿ ಕೇಳ್ರಿ, ಮುಚ್ಚತದೋ ನಡೀತದೋ" ಅಂದೆ. ಕೇಳಿದ್ರು. "ನಡೀತದೋ" ಅಂದ್ಲು. ಮೊಳಿ ಜೋಡಸೂ ಮಂದಿ ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು.

"ಸುದ್ದಿ ತಂದ ನಮ್ಮ ಬಾತಮೀದಾರಗ ಇದು ಯಾಕ ತಿಳೀಲಿಲ್ಲ?" ಅಂತ ಕೇಳಿದ್ರು ಅವ್ರು, ಮೆಲ್ಲಕ.

"ಹೆಂಗ ತಿಳೀಬೇಕ್ರಿ? ನಮ್ಮ ಅತ್ತಿ ಕಣ್ಣಾರೆ ನೋಡ್ಯಾರ, ನಿಮ್ಮ ಬಾತಮೀದಾರರೂ ಸಾಲಿನ್ಯಾಗ ನಿಂತು, ತಮ್ಮ ನೌಕರಿ ಪರ್ಮನಂಟ್ ಆಗ್ತದ ಅಂತ ಹೇಳಿಸ್ಕೊಂಡು ಹೋಗ್ಯಾರ!"

ನಗೂದು ಇನ್ನಷ್ಟು ಜೋರಾತು. ಆಗ ನೋಡಿದೆ, ಮಗಳು ಕಿವಿ ಮುಚ್ಚಿಕೊಂಡಿದ್ಲು. ಅಕ್ಕಲಕೋಟದ ಮಂದಿ ಕಟ್ಟಿ ಮ್ಯಾಲ ಮಾಡಿದ್ದನ್ನ ನಾನು ಆಫೀಸಿನಾಗ ಮಾಡಿದ್ದೆ, ಹೆತ್ತಾಕಿ ಆಗಿ. ನಗಬ್ಯಾಡ್ರಿ ಅಂತ ಒದರಿದೆ. ಸಂಪಾದಕರು ಎದ್ದು ಹೋಗಿ ಎಲಿ-ಅಡಕಿ ಉಗುಳಿ ಬಂದು, ಒಂದು ದಸ್ತಾ ಕಾಗದಾ ನನ್ನ ಮುಂದ ಇಟ್ರು. "ನೀವೇ ಬರೀರಿ ಬಾಯಿ. ರವಿವಾರ ಹಾಕ್ತೀನಿ. ಒಂದಕ್ಷರಾ ತಗಿಯೂದಿಲ್ಲ."

ನಾನು ಸಾಲಿ ಕಲತದ್ದು ಕನ್ನಡದಾಗ. ಮರಾಠಿ ಬರಿಯೂದಂದ್ರ ಕಚೇರಿ ಅರ್ಜಿ ಅಷ್ಟೇ. ಹಿಂಗಾಗಿ ಅರ್ಜಿ ಬರದಂಗೇ ಬರದೆ. ನನ್ನ ಮಗಳು ದೇವಿ ಅಲ್ಲ, ಹುಚ್ಚಿ ಅಲ್ಲ, ಸೀರಿಯಲ್ಲಿನ ಮನಷ್ಯಾನೂ ಅಲ್ಲ. ಗದ್ದಲಾ ತಡಕೊಳ್ಳಾಕ ಆಗದ್ದಕ್ಕ ತೂಗ್ಯಾಡ್ತಾಳ. ಮಾತು ಸಿಗದ್ದಕ್ಕ ನಿಮ್ಮ ಮಾತೇ ಹೇಳ್ತಾಳ. ಆಕಿ ಮುಂದ ಕಾಯಿ ಇಡಬ್ಯಾಡ್ರಿ, ಪ್ರಶ್ನೆ ಕೇಳಬ್ಯಾಡ್ರಿ. ಬಾಜೂಕ ಕುಂತು, ನೀವು ಏನು ಮಾಡಾಕತ್ತೀರಿ ಅದನ್ನ ಹೇಳ್ರಿ ಸಾಕು, ತನಗ ಬೇಕಾದ ಮಾತು ಅದರಾಗಿಂದ ಆಕಿ ತಗೋತಾಳ. ಕೆಳಗ "ಆಕಿ ತಾಯಿ" ಅಂತ ಸಹಿ ಮಾಡಿದೆ.

ರವಿವಾರ ಬಂತು ಪೇಪರಿನಾಗ, ಫೋಟೋ ಇದ್ದ ಜಾಗಾದಾಗೇ. ಸಂಜೀ ಮುಂದ ಅತ್ತಿ ಅಕ್ಕಲಕೋಟದಿಂದ ಬಂದಿಳದ್ರು, ಚೀಲದಾಗ ಪೇಪರ್ ಮಡಚಿ ಇಟಗೊಂಡು. ಜಗಳಾಡಾಕ ಬಂದಾರ ಅಂತ ಸೆರಗು ಸೊಂಟಕ್ಕ ಸಿಗಿಸಿದೆ. ಅತ್ತಿ ನೀರು ಕುಡದು, "ಮುಂಜಾನೆ ಆರು ಮಂದಿ ಬಂದಿದ್ರು, ಕಾಯಿ ಹಿಡಕೊಂಡು. ದೇವಿ ಸಾಲಿಗೆ ಹೋಗ್ಯಾಳ ಅಂತ ಹೇಳಿ ಬಾಗಲಾ ಹಾಕಿದೆ" ಅಂದ್ರು.

"ಇವತ್ತು ರವಿವಾರ ಅಲ್ಲೇನ್ರಿ ಅತ್ತಿ, ಸಾಲಿ ಎಲ್ಲೈತಿ?"

"ದೇವಿಗೆ ರವಿವಾರನೂ ಸಾಲಿ ಇರ್ತದ, ಅವ್ರಿಗೇನು ಗೊತ್ತು!" ಅಂದ್ರು. ಮದವಿ ಆಗಿ ಹತ್ತು ವರ್ಷಕ್ಕ ಮೊದಲನೇ ಸಲ ಅತ್ತಿ-ಸೊಸಿ ಕೂಡಿ ನಕ್ವಿ.

ಸೋಮವಾರ ದೊಡ್ಡಕ್ಕೋರು ಪೇಪರ್ ಓದೇ ಇದ್ರು. ವರ್ಗದ ಖೋಲಿ ಕಡೆ ಕೈ ತೋರಿಸಿದ್ರು ಅಷ್ಟೇ. ನಾನು ಬಾಗಲದ ಹೊರಗ ನಿಂತೆ. ಮಗಳು ಒಳಗ ಹೋಗಿ ನಡುವ ನಿಂತ್ಲು, ಕೂಡಲಿಲ್ಲ. ಹುಡುಗರೆಲ್ಲಾ ಪಿಸಪಿಸ ಮಾತಾಡಾಕತ್ತಿದ್ರು. ಮಗಳ ಕೈ ಕಿವಿ ಕಡೆ ಹೋಗಾಕತ್ತಿತ್ತು. ಅಷ್ಟರಾಗ ಎರಡನೇ ಬೆಂಚಿನಿಂದ ಎರಡು ಜಡಿ ಹಾಕಿದ ಒಬ್ಬಾಕಿ ಹುಡುಗಿ ಎದ್ದು ಕಡೀ ಬೆಂಚಿಗೆ ಹೋದ್ಲು. ಆಕಿ ಮನಿಯಾಗ ಯಾರು ಪೇಪರ್ ಓದಿ ಹೇಳಿದ್ರೋ ನಂಗ ಇವತ್ತಿಗೂ ಗೊತ್ತಿಲ್ಲ. ದಪ್ತರದ ಚೀಲಾ ಬದೀಗೆ ಸರಿಸಿ, ಏನೂ ಕೇಳದನ, ನನ್ನ ಮಗಳನ್ನ ನೋಡಿ ಜೋರಾಗಿ ಅಂದ್ಲು: "ನಾನು ಇಲ್ಲೇ ಕೂಡ್ತೀನಿ."

"ನಾನು ಇಲ್ಲೇ ಕೂಡ್ತೀನಿ" ಅಂದ್ಲು ನನ್ನ ಮಗಳು. ಹೋಗಿ ಕುಂತುಬಿಟ್ಲು.